ಬಾಡಿಗೆಯ ಗಾಡಿಯೂ ಒತ್ತೆಯ ಭೂಮಿಯೂ

(ಕಾರವಾರ ಮತ್ತು ಅಂಕೋಲೆ ತಾಲೂಕುಗಳಲ್ಲಿ ಸಂಚರಿಸುವ ಒಬ್ಬ ಒಕ್ಕಲುತನದ ಇನ್‌ಸ್ಪೆಕ್ಟರ್, ಎಲ್.ಎಜಿ.)

ಈಚೆಗೆ ಕೆಲವು ವರ್ಷಗಳಿಂದ ಕಾರವಾರ ಮತ್ತು ಅಂಕೋಲೆ ತಾಲೂಕುಗಳಲ್ಲಿ ನಾನು ಸಂಚಾರ ಹೋದ ಊರುಗಳಲ್ಲೆಲ್ಲ ಒಂದೇ ಪ್ರಶ್ನೆ ಎದುರಾಗುತ್ತಿದೆ. ಗದ್ದೆಯ ಹಾಳಿಯ ಮೇಲೆ ನಿಂತು ಬೀಜದ ಮಾತನ್ನೋ ಗೊಬ್ಬರದ ಮಾತನ್ನೋ ಮುಗಿಸಿ ಹೊರಡುವಷ್ಟರಲ್ಲಿ ಮನೆಯ ಯಜಮಾನರು ಮೆಲ್ಲನೆ ಬದಿಗೆ ಕರೆದು, “ಸಾಹೇಬರೇ, ನಮ್ಮ ಹುಡುಗ ಪಿಕಪ್ ಗಾಡಿ ಕೊಳ್ಳುತ್ತೇನೆನ್ನುತ್ತಾನೆ. ಸ್ವಂತ ಬಾಡಿಗೆಗೆ ಓಡಿಸುತ್ತಾನಂತೆ. ಸಾಲಕ್ಕೆ ತೋಟದ ಕಾಗದ ಕೊಡಬೇಕಂತೆ. ಕೊಡಬಹುದೇ?” ಎಂದು ಕೇಳುತ್ತಾರೆ. ಊರ ಹಿರಿಯರು ಕೇಳುವ ರೀತಿ ಸ್ವಲ್ಪ ಬೇರೆ. “ಜಾಮೀನಿಗೆ ಸಹಿ ಹಾಕೆಂದು ಮೂವರು ಬಂದಿದ್ದಾರೆ, ಒಲ್ಲೆನೆಂದರೆ ಮನಸ್ತಾಪ, ಒಪ್ಪಿದರೆ ನಾಳೆ ನನ್ನ ಕುತ್ತಿಗೆಗೆ ಬಂದೀತು” ಎಂಬುದು ಅವರ ಸಂಕಟ. ಈ ಪ್ರಶ್ನೆಗೆ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಉತ್ತರ ಹೇಳುವುದಕ್ಕಿಂತ ಈ ಪತ್ರಿಕೆಯ ಮೂಲಕ ಎಲ್ಲರಿಗೂ ಒಟ್ಟಾಗಿ ಹೇಳುವುದು ಲೇಸೆಂದು ತೋರಿದುದರಿಂದ ಈ ಲೇಖನವನ್ನು ಬರೆದಿರುತ್ತೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಗಾಡಿ ಬೇಡವೆಂದು ನಾನು ಹೇಳುವವನಲ್ಲ. ಮುಂಬಯಿಗೋ ಗೋವೆಗೋ ಕೂಲಿಗೆ ಹೋಗುವುದಕ್ಕಿಂತ ಊರಿನಲ್ಲಿಯೇ ಇದ್ದು ಊರಿನ ಸರಕನ್ನು ಪೇಟೆಗೆ ಮುಟ್ಟಿಸುವ ತರುಣನು ನಮಗೆ ಬೇಕಾದವನೇ. ಆದರೆ ಗಾಡಿಗಾಗಿ ಭೂಮಿಯನ್ನು ಒತ್ತೆಯಿಡಬಾರದು. ಬಾಡಿಗೆಯ ಗಾಡಿಯನ್ನು ಸಾಕುವುದು ಹೇರು, ಭೂಮಿಯಲ್ಲ. ಆದುದರಿಂದ ಹಿರಿಯರು ಈ ತರುಣರಿಗೆ ಕೊಡಬೇಕಾದುದು ತೋಟದ ಕಾಗದವಲ್ಲ, ಹೋಗುವಾಗಲೂ ಬರುವಾಗಲೂ ಹೇರಿನ ಭರವಸೆ.

ಒಕ್ಕಲುತನದ ಖಾತೆಗೆ ಗಾಡಿಯ ಮಾತೇಕೆ?

“ಬಿತ್ತನೆ, ಕೊಯಿಲುಗಳ ಮಾತಾಡಬೇಕಾದ ಇನ್‌ಸ್ಪೆಕ್ಟರರು ಮೋಟಾರಿನ ಮಾತನ್ನೇಕೆ ಎತ್ತಿದರು?” ಎಂದು ಯಾರಾದರೂ ಕೇಳಬಹುದು. ಪೇಟೆಯನ್ನು ಮುಟ್ಟದ ಬೆಳೆ ಕೊಯ್ದೂ ಕೊಯ್ಯದಂತೆಯೇ ಸರಿ. ನಮ್ಮ ಕರಿ ಇಶಾಡು ಮಾವನ್ನೇ ನೋಡಿರಿ. ಇದಕ್ಕೆ 2023ರಲ್ಲಿ ಅಂಕೋಲೆಯ ಹೆಸರಿನಲ್ಲಿಯೇ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಸಿಪ್ಪೆ ತೆಳು, ತಿರುಳು ಹೆಚ್ಚು, ರುಚಿ ಅಪೂರ್ವ. ಆದರೆ ಆ ತೆಳು ಸಿಪ್ಪೆಯೇ ಅದರ ಶತ್ರು. ಮಾಗಿದ ಹಣ್ಣು ದೂರದ ಪ್ರಯಾಣವನ್ನೂ ಒಂದರ ಮೇಲೊಂದು ಒಟ್ಟಿದ ಭಾರವನ್ನೂ ತಾಳದು. ದೊಡ್ಡ ಲಾರಿ ತುಂಬುವವರೆಗೆ ಕಾದರೆ ಹಣ್ಣು ಕೊಳೆಯುತ್ತದೆ; ಬಸ್ಸಿನ ಮಾಡಿನ ಮೇಲೆ ಹಾಕಿದರೆ ಜಜ್ಜುತ್ತದೆ. ಹಾಲಕ್ಕಿ ಒಕ್ಕಲಿಗರು ಬೆಳೆಯುವ ಬಸಳೆ, ಹರಿವೆ, ಬೆಂಡೆ ಮೊದಲಾದ ಕಾಯಿಪಲ್ಲೆಗಳೂ ಹಾಗೆಯೇ. ಬೈತಕೋಲ ಬಂದರದ ಮೀನಿನ ಮಾತಂತೂ ಹೇಳಲೇಬೇಕಾಗಿಲ್ಲ. ಸಣ್ಣ ಹೇರು, ಅವಸರದ ಹೇರು, ಕರೆದೊಡನೆ ಬರುವ ಗಾಡಿ — ಇದು ನಮ್ಮ ಕರಾವಳಿಯ ನಿಜವಾದ ಅವಶ್ಯಕತೆಯೇ ಆಗಿದೆ.

ಇಂಥ ಉದ್ಯೋಗ ಹೊರದೇಶಗಳಲ್ಲಿಯೂ ಉಂಟು. ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಒಬ್ಬೊಬ್ಬನೇ ತನ್ನ ಪಿಕಪ್ಪಿನ ಹಿಂದೆ ಟ್ರೇಲರ್ ಕಟ್ಟಿಕೊಂಡು, ದೊಡ್ಡ ಲಾರಿಗೆ ಸಾಲದ ಅವಸರದ ಸಾಮಾನನ್ನು ನೂರಾರು ಮೈಲು ಒಯ್ಯುವ ಕಸಬಿದೆ. ಅದಕ್ಕೆ ‘ಹಾಟ್‌ಶಾಟ್’ ಎಂದು ಹೆಸರು. ಟೆಕ್ಸಾಸಿನ ಎಣ್ಣೆ ಬಾವಿಗಳಲ್ಲಿ ಯಂತ್ರದ ಒಂದು ಭಾಗ ಮುರಿದು ಕೆಲಸ ನಿಂತಾಗ ಆ ಭಾಗವನ್ನು ಓಡಿಸಿಕೊಂಡು ಹೋಗಿ ಮುಟ್ಟಿಸುವ ಕೆಲಸ ಈ ಕಸಬಿಗೆ ಹೆಸರು ತಂದಿತು. ಆ ಗಾಡಿಕಾರರ ದೊಡ್ಡ ಶತ್ರು ಕೂಡ ಖಾಲಿ ಹಿಂದಿರುಗುವ ಮೈಲುಗಳೇ. ನಮ್ಮ ಘಟ್ಟದ ತಿರುವುಗಳಲ್ಲಿ ಪಿಕಪ್ಪಿಗೆ ಟ್ರೇಲರ್ ಕಟ್ಟುವ ರೂಢಿಯಿಲ್ಲ, ಅದು ಬೇಕಾಗಿಯೂ ಇಲ್ಲ. ಆದರೆ ಖಾಲಿ ಗಾಡಿಯ ಪಾಠ ಅವರಿಗೂ ನಮಗೂ ಒಂದೇ.

ಹಳೆಯ ಗಾಡಿಗಳು ಕಲಿಸಿದ ಪಾಠ

ಈ ಪಾಠ ನಮಗೆ ಹೊಸತೇನೂ ಅಲ್ಲ. ಮೋಟಾರು ಬರುವುದಕ್ಕೆ ಮೊದಲು, ಧಾರವಾಡ ಸೀಮೆಯ ಅರಳೆ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆ ಮತ್ತು ಕಾರವಾರದ ಬಂದರುಗಳಿಗೆ ಬರುತ್ತಿದ್ದಿತು. 1861ರಿಂದ 1865ರವರೆಗೆ ನಡೆದ ಅಮೇರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಅರಳೆಯ ಅಭಾವವುಂಟಾದಾಗ ನಮ್ಮ ಅರಳೆಗೆ ಎಲ್ಲಿಲ್ಲದ ಬೆಲೆ ಬಂದಿತು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಇಲಾಖೆಗೆ ಸೇರಿ ಕಾರವಾರವು ಜಿಲ್ಲೆಯ ಮುಖ್ಯ ಸ್ಥಳವಾಯಿತು. ಅರಳೆಯ ಸಾಗಣೆಗಾಗಿ ಘಟ್ಟದ ರಸ್ತೆಗಳು ಸುಧಾರಿಸಿದುವು. ಅರಳೆ ಹೇರಿಕೊಂಡು ಇಳಿದ ಗಾಡಿಕಾರನು ಖಾಲಿ ಏರುತ್ತಿರಲಿಲ್ಲ. ಉಪ್ಪನ್ನೋ ತೆಂಗಿನಕಾಯಿಯನ್ನೋ ಹೇರಿಕೊಂಡೇ ಘಟ್ಟ ಹತ್ತುತ್ತಿದ್ದನು. ಓದುಬರಹ ಬಾರದಿದ್ದರೂ ಮರುಹೇರಿನ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮುಂದೆ 1880ರ ದಶಕದ ಕೊನೆಯಲ್ಲಿ ಮುರಗಾವಿನ ಬಂದರಕ್ಕೆ ರೈಲು ಬಂದಿತು. ಅರಳೆ ರೈಲನ್ನು ಹಿಡಿಯಿತು. ಗಾಡಿಗಳಿದ್ದುವು, ಎತ್ತುಗಳಿದ್ದುವು, ರಸ್ತೆಯೂ ಇದ್ದಿತು. ಹೇರು ಮಾತ್ರ ಬೇರೆ ದಾರಿ ಹಿಡಿದಿತ್ತು. ಕಾರವಾರದ ವ್ಯಾಪಾರ ಇಳಿಮುಖವಾಯಿತು. ಗಾಡಿಯಿದ್ದವನಿಗೆ ಬದುಕುಂಟೆಂಬುದು ಭ್ರಮೆ. ಹೇರಿದ್ದವನಿಗೆ ಮಾತ್ರ ಬದುಕುಂಟು. ಎತ್ತು ಹೋಗಿ ಎಂಜಿನು ಬಂದರೂ ಈ ಮಾತು ಬದಲಾಗಿಲ್ಲ.

ಲೆಕ್ಕವನ್ನು ಕಾಗದದ ಮೇಲೆ ಇಡಿರಿ

ಈಗ ಅಂಕಿಗಳಿಗೆ ಬರೋಣ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಹಿಡಿದವು. ವಾಚಕರು ತಮ್ಮ ಊರಿನ ಅಂದಿನ ದರಗಳನ್ನು ಹಾಕಿಕೊಂಡು ಇದೇ ರೀತಿಯಲ್ಲಿ ಲೆಕ್ಕ ಮಾಡಿಕೊಳ್ಳತಕ್ಕದ್ದು.

ಗಾಡಿಯ ಬೆಲೆ 10 ಲಕ್ಷ ರೂಪಾಯಿ ಎಂದಿರಲಿ. ಕೈಯಿಂದ 2 ಲಕ್ಷ ಹಾಕಿ 8 ಲಕ್ಷವನ್ನು ನೂರಕ್ಕೆ 11ರ ಬಡ್ಡಿಯಂತೆ 5 ವರ್ಷಕ್ಕೆ ಸಾಲ ತಂದರೆ ತಿಂಗಳ ಕಂತು ಸುಮಾರು 17,400 ರೂಪಾಯಿ ಆಗುತ್ತದೆ. ವಿಮೆ, ತೆರಿಗೆ, ಯೋಗ್ಯತಾಪತ್ರಗಳಿಗೆ ವರ್ಷಕ್ಕೆ 48,000, ಅಂದರೆ ತಿಂಗಳಿಗೆ 4,000. ಓಡಿಸುವವನು ಮನೆಯ ಮಗನೇ ಆದರೂ ಅವನ ದುಡಿಮೆಗೆ ತಿಂಗಳಿಗೆ 15,000 ಸಂಬಳ ಹಿಡಿಯಲೇಬೇಕು. ಮಗನ ಬೆವರನ್ನು ಪುಕ್ಕಟೆಯೆಂದು ಬರೆದ ಲೆಕ್ಕ ಲೆಕ್ಕವಲ್ಲ. ಹೀಗೆ ಗಾಡಿ ಓಡಲಿ ಓಡದಿರಲಿ, ತಿಂಗಳಿಗೆ 36,400 ರೂಪಾಯಿಗಳ ಖರ್ಚು ಬಾಗಿಲಲ್ಲಿ ನಿಂತಿರುತ್ತದೆ.

ಇನ್ನು ಓಡುವ ಖರ್ಚು. ಅಂಕೋಲೆಯಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಸುಮಾರು 130 ಕಿಲೋಮೀಟರು. ಹೋಗಿ ಬರಲು 260. ಡೀಸೆಲ್ 24 ಲೀಟರ್, ಲೀಟರಿಗೆ 90ರಂತೆ 2,160 ರೂಪಾಯಿ. ಟೋಲು, ಊಟ, ಹಮಾಲಿ ಕೂಡಿ 500. ಟಾಯರು, ಎಣ್ಣೆ, ರಿಪೇರಿಗಾಗಿ ಕಿಲೋಮೀಟರಿಗೆ 3 ರೂಪಾಯಿಯಂತೆ ತೆಗೆದಿಡಬೇಕಾದುದು 780. ಒಟ್ಟು 3,440.

ಒಂದು ಹೇರಿಗೆ ಬಾಡಿಗೆ 5,500 ದೊರೆಯಿತೆನ್ನಿರಿ. ತರುಣನು ಡೀಸೆಲಿನ 2,160ನ್ನು ಮಾತ್ರ ಕಳೆದು, “ಒಂದು ಸಲಕ್ಕೆ 3,340 ಉಳಿಯಿತು, ತಿಂಗಳಿಗೆ 12 ಸಲ ಹೋದರೆ 40,080” ಎಂದು ಹಿಗ್ಗುತ್ತಾನೆ. ಈ ಹಿಗ್ಗಿನಲ್ಲಿಯೇ ತೋಟದ ಕಾಗದ ಪೆಟ್ಟಿಗೆಯಿಂದ ಹೊರಬೀಳುತ್ತದೆ. ನಿಜವಾದ ಲೆಕ್ಕ ಹೀಗಿದೆ: 12 ಸಲದ ಬಾಡಿಗೆ 66,000, ಓಡುವ ಖರ್ಚು 41,280, ಉಳಿದುದು 24,720. ನಿಂತ ಖರ್ಚು 36,400ನ್ನು ಕಳೆದರೆ ತಿಂಗಳಿಗೆ 11,680 ರೂಪಾಯಿ ನಷ್ಟ. ಅಂದರೆ ಹುಡುಗನ 15,000 ಸಂಬಳದಲ್ಲಿ ಅವನ ಕೈಗೆ ಹತ್ತುವುದು 3,320 ಮಾತ್ರ. ಆದರೆ ಅದೇ ಗಾಡಿ ಹುಬ್ಬಳ್ಳಿಯಿಂದ ಪ್ರತಿ ಸಲವೂ 2,000 ರೂಪಾಯಿಯ ಮರುಹೇರನ್ನು ತಂದರೆ ತಿಂಗಳ ಬಾಡಿಗೆ 90,000 ಆಗಿ, ಸಂಬಳವೂ ಕಂತೂ ಹೋಗಿ 12,320 ಉಳಿಯುತ್ತದೆ. ಗಾಡಿ ಒಂದೇ, ರಸ್ತೆ ಒಂದೇ, ಕಂತೂ ಒಂದೇ. ಬದುಕಿಗೂ ದಿವಾಳಿಗೂ ನಡುವೆ ಇರುವುದು ಹುಬ್ಬಳ್ಳಿಯಿಂದ ಬರುವ ಹಿಂಡಿಯ ಚೀಲಗಳು ಮಾತ್ರ.

ಮಳೆಗಾಲದ ನಾಲ್ಕು ತಿಂಗಳು

ಮೇಲಿನ ಲೆಕ್ಕ ಬಿಸಿಲಿನ ತಿಂಗಳುಗಳದು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಹನ್ನೆರಡು ಬಿಸಿಲಿನ ತಿಂಗಳುಗಳಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಸಮುದ್ರದಲ್ಲಿ ಮೀನು ಹಿಡಿಯಲು ನಿಷೇಧವಿರುವುದರಿಂದ ಬಂದರದ ಹೇರು ಕಡಿಮೆಯಾಗುತ್ತದೆ. ಮಾವಿನ ಕಾಲ ಮುಗಿದಿರುತ್ತದೆ. ಕಾಯಿಪಲ್ಲೆಯ ಗದ್ದೆಗಳಲ್ಲಿ ನೀರು ನಿಂತು ಭತ್ತದ ನಾಟಿ ನಡೆದಿರುತ್ತದೆ. ಅಲ್ಲದೆ ರಸ್ತೆಯೇ ನಮ್ಮನ್ನು ಕೈಬಿಡುವುದುಂಟು. 2021ರ ಜುಲೈ ತಿಂಗಳಿನಲ್ಲಿ ಅರಬೈಲು ಘಟ್ಟದಲ್ಲಿ ಗುಡ್ಡ ಕುಸಿದು ಹುಬ್ಬಳ್ಳಿಯ ದಾರಿ ಮುಚ್ಚಿತು. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯ ಬದಿಯಲ್ಲಿದ್ದ ಜನರನ್ನೂ ವಾಹನಗಳನ್ನೂ ಗಂಗಾವಳಿಗೆ ತಳ್ಳಿದ ದುರಂತವನ್ನು ನಾವು ಯಾರೂ ಮರೆತಿಲ್ಲ. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಒಂದು ಲಾರಿ ನೀರಿಗೆ ಬಿದ್ದಿತು. ದೈವವಶಾತ್ ಅದರ ಚಾಲಕನು ಬದುಕಿದನು.

ಮಳೆಗಾಲದ ನಾಲ್ಕು ತಿಂಗಳು 12 ಸಲದ ಬದಲು 6 ಸಲ ಮಾತ್ರ ಹೇರು ದೊರೆಯಿತೆಂದು ಹಿಡಿಯಿರಿ, ಮರುಹೇರೂ ಇದ್ದಿತೆನ್ನಿರಿ. ಬಾಡಿಗೆ 45,000, ಓಡುವ ಖರ್ಚು 20,640, ನಿಂತ ಖರ್ಚು 36,400. ತಿಂಗಳಿಗೆ 12,040 ನಷ್ಟ; ನಾಲ್ಕು ತಿಂಗಳಿಗೆ 48,160. ಬಿಸಿಲಿನ ಎಂಟು ತಿಂಗಳಲ್ಲಿ ಗಳಿಸಿದ 98,560ರಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಮಳೆಯೇ ತಿನ್ನುತ್ತದೆ. ಇದಕ್ಕೆ ಪರಿಹಾರವಿಲ್ಲದಿಲ್ಲ. ಬಿಸಿಲಿನ 96 ಹೇರುಗಳಲ್ಲಿ ಒಂದೊಂದಕ್ಕೂ 500 ರೂಪಾಯಿಗಳನ್ನು ಮುಟ್ಟದೆ ಬೇರೆ ತೆಗೆದಿಟ್ಟರೆ 48,000 ಆಗುತ್ತದೆ. ಮಳೆಗಾಲದ ಕೊರತೆ ಬಹುತೇಕ ತುಂಬಿತು. ಆದರೆ ಹೀಗೆ ತೆಗೆದಿಡದವನಿಗೆ ಶ್ರಾವಣದಲ್ಲಿ ಕಂತಿನವರು ಮನೆಯ ಅಂಗಳಕ್ಕೆ ಬರುತ್ತಾರೆ.

ನನ್ನ ಮನೆಯ ಮಾತು

ಇದನ್ನು ನಾನು ಬರಿಯ ಪುಸ್ತಕದ ಪಾಂಡಿತ್ಯದಿಂದ ಹೇಳುತ್ತಿಲ್ಲ. ಹೇಳಲು ಸಂಕೋಚವಾದರೂ, ಇತರರಿಗೆ ಎಚ್ಚರಿಕೆಯಾಗಲೆಂದು ನನ್ನ ಮನೆಯ ಮಾತನ್ನೇ ಹೇಳುತ್ತೇನೆ. ನನ್ನ ಕಿರಿಯ ತಮ್ಮನು 2024ರ ಸಂಕ್ರಾಂತಿಯ ವೇಳೆಗೆ ಪಿಕಪ್ ಗಾಡಿಯನ್ನು ಕೊಂಡನು. ಸಾಲ ಕೊಟ್ಟವರು ಗಾಡಿಯ ಜೊತೆಗೆ ತಾಯಿಯ ಹೆಸರಿನಲ್ಲಿದ್ದ 20 ಗುಂಟೆ ಗದ್ದೆಯನ್ನೂ ಒತ್ತೆಗೆ ಕೇಳಿದರು. ತಾಯಿ ನನ್ನ ಮುಖ ನೋಡಿದರು. ಎಕರೆಗೆ ಎಷ್ಟು ಕ್ವಿಂಟಲ್ ಭತ್ತವೆಂದು ನೂರಾರು ರೈತರಿಗೆ ಲೆಕ್ಕ ಹೇಳಿಕೊಟ್ಟ ನಾನು, ತಮ್ಮನ ಗಾಡಿಯ ಲೆಕ್ಕವನ್ನು ಒಂದು ಸಲವೂ ಕಾಗದದ ಮೇಲೆ ಇಡದೆ, “ಹುಡುಗ ದುಡಿಯುತ್ತಾನೆ, ಹಾಕಮ್ಮ” ಎಂದೆನು. ಜಾಮೀನಿಗೆ ನಾನೇ ಸಹಿ ಮಾಡಿದೆನು.

ಮೊದಲ ಐದು ತಿಂಗಳು ಚೆನ್ನಾಗಿಯೇ ನಡೆಯಿತು. ಅವನು ದುಡಿದುದರಲ್ಲಿ ಸುಳ್ಳಿಲ್ಲ; ಬೆಳಗಿನ ಮೂರು ಗಂಟೆಗೆ ಎದ್ದು ಹೋಗುತ್ತಿದ್ದನು. ಆದರೆ ಹೇರೆಲ್ಲ ಅಂಕೋಲೆಯಿಂದ ಕುಮಟೆ, ಹೊನ್ನಾವರಗಳ ಕಡೆಗೆ. ಅದೂ ಒಬ್ಬನೇ ದಲ್ಲಾಳಿಯ ಕೈಯಿಂದ. ಬರುವಾಗ ಗಾಡಿ ಖಾಲಿ. ಜುಲೈಯಲ್ಲಿ ಶಿರೂರಿನ ಗುಡ್ಡ ಬಿದ್ದು ಹೆದ್ದಾರಿ ಹಲವು ದಿನ ಮುಚ್ಚಿತು. ಬಳಸುದಾರಿ ಹಿಡಿದರೆ ಡೀಸೆಲೇ ಬಾಡಿಗೆಯನ್ನು ತಿನ್ನುತ್ತಿತ್ತು. ದಲ್ಲಾಳಿಯ ಕಡೆಯಿಂದ ಬರಬೇಕಾಗಿದ್ದ ಬಾಕಿಯೂ ಬರಲಿಲ್ಲ. ಮೂರು ಕಂತು ತಪ್ಪಿತು. ದೀಪಾವಳಿ ಕಳೆದ ಮೇಲೆ ಗಾಡಿಯನ್ನು ಒಯ್ದರು. ಅದನ್ನು ಮಾರಿ ಬಂದ ಹಣ ಸಾಲಕ್ಕೆ ಸಾಲಲಿಲ್ಲ. ಉಳಿದುದಕ್ಕೆ ಗದ್ದೆಯನ್ನು ಮಾರಿದೆವು. ತಾಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆ ವರ್ಷದ ಹೊಸತಿಗೆ ಕದಿರು ತರಲು ನಮ್ಮದೆಂಬ ಗದ್ದೆ ಇದ್ದಿತು. ಮರುವರ್ಷ ನೆರೆಯವರ ಗದ್ದೆಯಿಂದ ತಂದೆವು. ತಪ್ಪು ತಮ್ಮನದೆಂದು ನಾನು ಹೇಳಲಾರೆ. ಲೆಕ್ಕ ಬಲ್ಲವನಾಗಿಯೂ ಲೆಕ್ಕ ಕೇಳದೆ ಸಹಿ ಹಾಕಿದವನು ನಾನು.

ಅಂಕೋಲೆಯವರಿಗೆ ಭೂಮಿಯ ಬೆಲೆಯನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. 1930ರಲ್ಲಿ ಇಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು; ಅನಂತರದ ಕರನಿರಾಕರಣೆಯಲ್ಲಿ ಇಲ್ಲಿಯ ರೈತರು ತಮ್ಮ ಭೂಮಿಗಳು ಮುಟ್ಟುಗೋಲಾದರೂ ಸರಕಾರಕ್ಕೆ ತಲೆಬಾಗಲಿಲ್ಲ. 1974ರ ಭೂಸುಧಾರಣೆಯಿಂದ ಗೇಣಿದಾರರಾಗಿದ್ದ ಅದೆಷ್ಟೋ ಕುಟುಂಬಗಳು ಮೊದಲ ಸಲ ತಮ್ಮ ಹೆಸರಿನ ಪಹಣಿಯನ್ನು ಕಂಡುವು. ಆಮೇಲೆ ಕದ್ರಾ ಅಣೆಕಟ್ಟು, ಕೈಗಾ, ಕೊಂಕಣ ರೈಲು, ಸೀಬರ್ಡ್ ನೌಕಾನೆಲೆ, ಹೆದ್ದಾರಿಯ ಅಗಲೀಕರಣ — ಹೀಗೆ ಒಂದೊಂದು ಕಾರ್ಯಕ್ಕೂ ಈ ಎರಡು ತಾಲೂಕುಗಳು ಭೂಮಿಯನ್ನು ಕೊಟ್ಟಿವೆ. ಉಳಿದಿರುವುದು ಗುಂಟೆಗಳ ಲೆಕ್ಕದಲ್ಲಿ. ತತ್ತ್ವಕ್ಕಾಗಿ ಭೂಮಿಯನ್ನು ಪಣಕ್ಕಿಟ್ಟವರ ಮೊಮ್ಮಕ್ಕಳು ತಿಂಗಳ ಕಂತಿಗಾಗಿ ಅದನ್ನು ಕಳೆದುಕೊಳ್ಳಬಾರದು.

ಕಾಗದಪತ್ರಗಳ ವಿಷಯ

ಹೊಸದಾಗಿ ಈ ಉದ್ಯೋಗಕ್ಕೆ ಇಳಿಯುವವನ ಕಾಗದಪತ್ರಗಳನ್ನು ಹಿರಿಯರು ತಾವೇ ಒಮ್ಮೆ ನೋಡುವುದು ಒಳ್ಳೆಯದು. ಮುಖ್ಯವಾದುವನ್ನು ಮಾತ್ರ ಹೇಳುತ್ತೇನೆ.

ಬಾಡಿಗೆಗೆ ಓಡುವ ಗಾಡಿ ಹಳದಿ ಫಲಕದ ಮೇಲೆ ಕಪ್ಪು ಅಕ್ಷರದ ನೋಂದಣಿಯದಾಗಿರಬೇಕು. ಬಿಳಿ ಫಲಕದ ಸ್ವಂತ ಗಾಡಿಯಲ್ಲಿ ಬಾಡಿಗೆ ಹೊಡೆದು ಅಪಘಾತವಾದರೆ ವಿಮೆಯ ಪರಿಹಾರಕ್ಕೆ ತಕರಾರು ತಪ್ಪದು. ಒಕ್ಕಲುತನಕ್ಕೆಂದು ನೋಂದಾಯಿಸಿದ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಬಾಡಿಗೆಗೆ ಚೀರೆಕಲ್ಲು ಹೇರುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಹೊಸ ಗಾಡಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಯೋಗ್ಯತಾಪತ್ರ ಬೇಕು. ಗಾಡಿಯ ಮತ್ತು ಹೇರಿನ ಒಟ್ಟು ತೂಕದ ಮಿತಿ 3,000 ಕಿಲೋ ಮೀರದಿದ್ದರೆ ಪರ್ಮಿಟ್ಟು ಬೇಕಾಗಿಲ್ಲ, ಮೀರಿದರೆ ಬೇಕು. ಲೈಸೆನ್ಸಿನ ಬಗ್ಗೆ ಹಿಂದೆ ಗೊಂದಲವಿದ್ದಿತು; 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು, ಹಗುರ ವಾಹನದ ಲೈಸೆನ್ಸ್ ಇದ್ದವನು ಒಟ್ಟು 7,500 ಕಿಲೋವರೆಗಿನ ಬಾಡಿಗೆ ಗಾಡಿಯನ್ನೂ ಓಡಿಸಬಹುದೆಂದು ತೀರ್ಪು ಕೊಟ್ಟಿದೆ.

ಎರಡು ತಪ್ಪುಗಳನ್ನು ನಮ್ಮ ಊರುಗಳಲ್ಲಿ ಯಾರೂ ತಪ್ಪೆಂದೇ ಎಣಿಸುವುದಿಲ್ಲ. ಒಂದು, ಮಿತಿಮೀರಿ ಹೇರುವುದು. 2019ರಲ್ಲಿ ತಿದ್ದುಪಡಿಯಾದ ಕೇಂದ್ರದ ಕಾಯಿದೆಯಲ್ಲಿ ಇದಕ್ಕೆ 20,000 ರೂಪಾಯಿ, ಮತ್ತು ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವನ್ನು ವಿಧಿಸಿದೆ. ಹೆಚ್ಚಿನ ಹೇರನ್ನು ಇಳಿಸುವ ಖರ್ಚೂ ಗಾಡಿಯವನದೇ. ಘಟ್ಟದಲ್ಲಿ ಬ್ರೇಕು ಕಾಯ್ದು ಕೈಕೊಟ್ಟರೆ ದಂಡದ ಮಾತು ಹಾಗಿರಲಿ, ಜೀವವೇ ಉಳಿಯದು. ಇನ್ನೊಂದು, ನಾಟಿಗೋ ಕೊಯಿಲಿಗೋ ಹೆಂಗಸರನ್ನು ಪಿಕಪ್ಪಿನ ಹಿಂದೆ ನಿಲ್ಲಿಸಿಕೊಂಡು ಹೋಗುವುದು. ಸರಕಿನ ಗಾಡಿಯ ವಿಮೆ ಸರಕಿನ ಒಡೆಯನನ್ನು ಅಥವಾ ಅವನ ಪ್ರತಿನಿಧಿಯನ್ನು ಬಿಟ್ಟು ಬೇರೆ ಪ್ರಯಾಣಿಕರಿಗೆ ಅನ್ವಯಿಸುವುದಿಲ್ಲ. ಕೂಲಿಗೆ ಕರೆಸಿಕೊಳ್ಳುವ ಜಮೀನುದಾರರು ಈ ವಿಷಯದಲ್ಲಿ ತಮ್ಮ ಜವಾಬ್ದಾರಿಯನ್ನು ಮರೆಯಬಾರದು.

ಹಿರಿಯರು ಮಾಡಬೇಕಾದ ಕೆಲಸ

ಇಷ್ಟೆಲ್ಲ ಹೇಳಿದ ಮೇಲೆ, “ಹಾಗಾದರೆ ಹುಡುಗನಿಗೆ ಏನು ಹೇಳಲಿ?” ಎಂಬ ಪ್ರಶ್ನೆ ಉಳಿಯುತ್ತದೆ. ನನ್ನ ಸೂಚನೆಗಳು ಇವು.

ಒಂದನೆಯದು. ಗಾಡಿ ಕೊಳ್ಳುವ ಮೊದಲು ಅವನು ಬೇರೊಬ್ಬರ ಗಾಡಿಯಲ್ಲಿ ಸಂಬಳಕ್ಕೆ ದುಡಿಯಲಿ. ಅದರಲ್ಲಿ ಮಳೆಗಾಲವೊಂದು ಸೇರಿರಲಿ. ಪ್ರತಿ ಹೇರಿನ ತಾರೀಖು, ದೂರ, ಡೀಸೆಲ್, ಬಾಡಿಗೆ, ಮರುಹೇರು, ಬಾಕಿ — ಇವನ್ನು ಒಂದು ಪುಸ್ತಕದಲ್ಲಿ ಬರೆದು ತಂದು ತೋರಿಸಲಿ. ಈ ಪುಸ್ತಕವನ್ನು ಬರೆಯಲು ಬೇಸರಪಡುವವನು ಗಾಡಿಯನ್ನು ಉಳಿಸಿಕೊಳ್ಳಲಾರನು. ಜಾಮೀನು ಕೇಳಲು ಬಂದವನಿಗೆ, “ಪುಸ್ತಕ ತಾ, ಆಮೇಲೆ ಮಾತು” ಎಂದು ಹೇಳಿದರೆ ಮನಸ್ತಾಪವೂ ಆಗದು, ಕುತ್ತಿಗೆಗೂ ಬಾರದು.

ಎರಡನೆಯದು. ಸಾಲಕ್ಕೆ ಗಾಡಿಯೇ ಒತ್ತೆಯಾಗಿರಲಿ. 2015ರ ಏಪ್ರಿಲ್‌ನಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಸರಕು ಗಾಡಿಗಳಿಗೆ 10 ಲಕ್ಷ ರೂಪಾಯಿಗಳವರೆಗೆ ಭೂಮಿಯ ಒತ್ತೆಯಿಲ್ಲದೆ ಬ್ಯಾಂಕುಗಳಿಂದ ಸಾಲ ಪಡೆಯಲು ಅವಕಾಶವುಂಟು. ಬ್ಯಾಂಕು ಪುಸ್ತಕ ಕೇಳುತ್ತದೆ, ದಿನ ತಡಮಾಡುತ್ತದೆ. ಸಾಲದ ಏಜೆಂಟನು ಒಂದೇ ದಿನದಲ್ಲಿ ಹಣ ಕೊಟ್ಟು ಪಹಣಿ ಕೇಳುತ್ತಾನೆ. ತಡವಾದರೂ ಮೊದಲಿನ ದಾರಿಯೇ ಮೇಲು. ಇನ್ನೂ ಮೇಲಾದುದು ಹಳೆಯ ಗಾಡಿಯಿಂದ ಆರಂಭಿಸುವುದು. ನಂಬಿಕೆಯ ಮೇಸ್ತ್ರಿಯೊಬ್ಬನಿಂದ ಎಂಜಿನು, ಚಾಸಿಗಳನ್ನು ಪರೀಕ್ಷಿಸಿ ಕೊಂಡರೆ ಕಂತಿನ ಭಾರ ಅರ್ಧಕ್ಕಿಳಿಯಬಹುದು. ನಮ್ಮ ಉಪ್ಪುಗಾಳಿಗೆ ಚಾಸಿ ಬೇಗ ತುಕ್ಕು ಹಿಡಿಯುವುದರಿಂದ ಅದನ್ನು ಅಡಿಯಿಂದ ನೋಡದೆ ಕೊಳ್ಳಬಾರದು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು. ಊರು ಹೇರನ್ನು ಒಟ್ಟುಗೂಡಿಸಬೇಕು. ಇಂದು ಒಬ್ಬರ ತೋಟದಿಂದ ನಾಲ್ಕು ಬುಟ್ಟಿ ಮಾವು, ನಾಳೆ ಇನ್ನೊಬ್ಬರಿಂದ ಆರು ಬುಟ್ಟಿ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತೆಂಬಂತೆ ಆಗಿದೆ. ವಾರದಲ್ಲಿ ಗೊತ್ತಾದ ದಿನ, ಗೊತ್ತಾದ ಸ್ಥಳದಲ್ಲಿ, ಹತ್ತು ಮನೆಯವರು ತಮ್ಮ ಮಾಲನ್ನು ತಂದಿಟ್ಟರೆ ಗಾಡಿ ತುಂಬುತ್ತದೆ. ಬುಟ್ಟಿಗೆ ಬೀಳುವ ಬಾಡಿಗೆಯೂ ಇಳಿಯುತ್ತದೆ. ಮರುಹೇರಿನ ಕೀಲಿಕೈ ಕೂಡ ಹಿರಿಯರ ಕೈಯಲ್ಲಿಯೇ ಇದೆ. ನಮ್ಮ ಊರಿನ ದನಗಳಿಗೆ ಹಿಂಡಿ, ಮೇವು, ಸೊಸಾಯಿಟಿಗೆ ಬೀಜ ಗೊಬ್ಬರ, ಅಂಗಡಿಗಳಿಗೆ ಈರುಳ್ಳಿ, ಮೆಣಸಿನಕಾಯಿ, ಜೋಳ — ಇವುಗಳಲ್ಲಿ ಎಷ್ಟೋ ಘಟ್ಟದ ಮೇಲಿನಿಂದಲೇ ಬರುತ್ತವೆ. ಅವನ್ನು ಪರಸ್ಥಳದ ಲಾರಿಗೆ ಕೊಡುವುದಕ್ಕೆ ಮೊದಲು ನಮ್ಮ ಹುಡುಗನನ್ನು ಕೇಳಬಾರದೇ? ಸೊಸಾಯಿಟಿಯ ಸಭೆಯಲ್ಲಿ ಒಂದು ಠರಾವು ಮಾಡಿದರೆ ಸಾಕು. ಗಾಡಿಯವನೂ ತನ್ನ ಪಾಲಿನ ಶಿಸ್ತನ್ನು ಪಾಲಿಸಬೇಕು: ಮೀನು ಹೇರಿದ ಗಾಡಿಯನ್ನು ಸೋಡಾ ಹಾಕಿ ಚೆನ್ನಾಗಿ ತೊಳೆದು ಒಣಗಿಸದೆ ಮಾವನ್ನಾಗಲಿ ಹಿಂಡಿಯನ್ನಾಗಲಿ ಹೇರಬಾರದು.

ನಾಲ್ಕನೆಯದು. ಬಾಡಿಗೆಯನ್ನು ಬಾಕಿ ನಿಲ್ಲಿಸಬೇಡಿರಿ. ದೊಡ್ಡ ಜಮೀನುದಾರರಿಗೆ ಐದು ಸಾವಿರ ರೂಪಾಯಿ ಹಬ್ಬದವರೆಗೆ ನಿಂತರೆ ಏನೂ ಅಲ್ಲ. ಗಾಡಿಯವನಿಗೆ ಅದು ಒಂದು ಕಂತಿನ ಕಾಲು ಪಾಲಿಗಿಂತ ಹೆಚ್ಚು. “ನಮ್ಮ ಹುಡುಗನೇ ಅಲ್ಲವೇ, ಕೊಟ್ಟರಾಯಿತು” ಎಂಬ ಸಲಿಗೆಯ ಮಾತು ಎಷ್ಟು ಗಾಡಿಗಳನ್ನು ನುಂಗಿದೆಯೋ! ಪರಊರಿನ ಲಾರಿಗೆ ಇಳಿಸಿದ ಕೂಡಲೇ ಕೊಡುವ ನಾವು, ನಮ್ಮವನಿಗೆ ಎಂಟು ದಿನದೊಳಗಾದರೂ ಕೊಡಬೇಕು.

ಈ ನಾಲ್ಕನ್ನೂ ನಡೆಸಿದ ಊರಿನಲ್ಲಿ ಗಾಡಿ ಉಳಿಯುತ್ತದೆಯೇ ಎಂದು ಕೇಳಿದರೆ, ಮಳೆಯನ್ನೂ ಗುಡ್ಡವನ್ನೂ ಯಾರೂ ಹೊಣೆ ಹೊತ್ತು ಹೇಳಲಾರರು. ಆದರೆ ಗಾಡಿ ಹೋದರೂ ಗದ್ದೆ ಉಳಿಯುತ್ತದೆಂದು ಮಾತ್ರ ಖಂಡಿತವಾಗಿ ಹೇಳಬಲ್ಲೆನು. ಗದ್ದೆ ಉಳಿದವನು ಇನ್ನೊಮ್ಮೆ ಎದ್ದು ನಿಲ್ಲಬಲ್ಲನು.

ನನ್ನ ತಮ್ಮನು ಈಗ ಮತ್ತೊಬ್ಬರ ಗಾಡಿಯನ್ನು ಸಂಬಳಕ್ಕೆ ಓಡಿಸುತ್ತಿದ್ದಾನೆ. ಅವನ ಅಂಗಿಯ ಕಿಸೆಯಲ್ಲಿ ಒಂದು ಸಣ್ಣ ಪುಸ್ತಕವಿದೆ. ಪ್ರತಿ ಹೇರನ್ನೂ ಬರೆಯುತ್ತಾನೆ. ಇನ್ನೊಂದು ವರ್ಷ ಕಳೆದರೆ ಹಳೆಯ ಗಾಡಿಯೊಂದನ್ನು ಕೊಳ್ಳುವ ಯೋಚನೆ ಅವನಿಗಿದೆ. ಈ ಸಲ ನಾನು ಜಾಮೀನಿಗೆ ಸಹಿ ಹಾಕುವ ಮೊದಲು ಆ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತೇನೆ. ತಮ್ಮ ತಮ್ಮ ಊರಿನ ತರುಣರ ವಿಷಯದಲ್ಲಿ ಹಿರಿಯರೂ ಜಮೀನುದಾರರೂ ಇಷ್ಟನ್ನು ಮಾಡಬೇಕೆಂದು ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.